ಸರಪಳಿ ಸದ್ದಿಗೆ ಹೆದರುವ ನಾಯಿ

ನಾನು ದುಬಲಗುಂಡಿಯಿಂದ ಮದುವೆಯಾಗಿ ಕಲ್ಯಾಣಕ್ಕೆ ಬಂದ ಮರುವರ್ಷ, ಚಳಿಗಾಲದಲ್ಲಿ, ಊರಲ್ಲಿ ಇಲಿ ಬಿದ್ದವು. ಇಲಿ ಬಿದ್ದವು ಎಂದರೆ ಆ ಕಾಲದಲ್ಲಿ ಬೇರೇನೂ ವಿವರಿಸಬೇಕಾಗಿರಲಿಲ್ಲ. ಮಾಳಿಗೆಯ ಜಂತಿಯಿಂದ ಒಂದು ಇಲಿ ತೂರಾಡುತ್ತ ಬಂದು ಅಂಗಳದಲ್ಲಿ ಸತ್ತರೆ ಸಾಕು, ಪ್ಲೇಗು ಬಂತೆಂದು ಜನ ಪಾತ್ರೆ, ಹಾಸಿಗೆ, ಜೋಳದ ಚೀಲ ಗಾಡಿಗೆ ಹೇರಿ ಹೊಲದ ದಾರಿ ಹಿಡಿಯುತ್ತಿದ್ದರು. ಬೇನೆ ಇಳಿಯುವವರೆಗೆ ಹೊಲದಲ್ಲಿ ಜೋಳದ ಒಣದಂಟಿನ, ಅಂದರೆ ಕಣಿಕೆಯ, ಗುಡಿಸಲು ಹಾಕಿಕೊಂಡು ಇರಬೇಕು. ಊರಿಗೆ ಊರೇ ಖಾಲಿ, ಕಾವಲಿಗೆ ಉಳಿಯುವವನು ತಳವಾರನೊಬ್ಬನೇ.

ಊರು ಬಿಡುವಾಗ ಒಂದು ಕಟ್ಟುನಿಟ್ಟಿತ್ತು. ಬಾಗಿಲ ಸರಪಳಿ ಏರಿಸಿ, ಕೀಲಿ ಹಾಕಿ, ಕೀಲಿಗೆ ಬೇವಿನ ಎಸಳು ಸಿಕ್ಕಿಸಿದ ಮೇಲೆ ತಿರುಗಿ ನೋಡುವಂತಿಲ್ಲ. ಊರಲ್ಲಿ ತಾಯಿ, ಬೇನೆ ತರುವ ದೇವಿ, ತಿರುಗುತ್ತಿರುತ್ತಾಳೆ, ಖಾಲಿ ಮನೆಗಳಲ್ಲಿ ಕೂತು ಎದ್ದು ಹೋಗುತ್ತಾಳೆ. ಅವಳನ್ನು ಸೀಮೆ ದಾಟಿಸಿ ಬರುವ ತನಕ ಯಾರೂ ಕೀಲಿ ತೆಗೆಯಬಾರದು. ತೆಗೆದರೆ, ಅಷ್ಟೇಕೆ, ಒಮ್ಮೆ ಹಿಂದಿರುಗಿ ನೋಡಿದರೂ ಅವಳು ಬೆನ್ನು ಹತ್ತಿ ಬಂದು ಮನೆಯಲ್ಲಿ ಯಾರು ಮೆತ್ತಗಿದ್ದಾರೋ ಅವರನ್ನು ಹಿಡಿಯುತ್ತಾಳೆ. ಇದನ್ನು ನಂಬುತ್ತೇನೆ ಎಂದವರೂ ಪಾಲಿಸುತ್ತಿದ್ದರು, ನಂಬುವುದಿಲ್ಲ ಎಂದವರೂ ಪಾಲಿಸುತ್ತಿದ್ದರು. ನಮ್ಮ ಓಣಿಯ ಮುಸಲ್ಮಾನರ ಮನೆಯವರು ಕೂಡ ಕೀಲಿಗೆ ಬೇವು ಸಿಕ್ಕಿಸಿಯೇ ಗಾಡಿ ಹತ್ತುತ್ತಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಓಣಿಗೆಲ್ಲ ಅವರು ಆಯಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಮದುವೆ ಮನೆಗಳಿಗೆ ಶಾವಿಗೆ ಹೊಸೆದುಕೊಡುವುದು ಅವರ ಕೆಲಸ. ಕೂದಲೆಳೆಯಂಥ ಶಾವಿಗೆ. ಅವರು ಹೊಸೆಯುವಾಗ ಎದುರಿಗೆ ಅವರ ನಾಯಿ ಮುಂಗಾಲ ಮೇಲೆ ಗದ್ದವಿಟ್ಟು ಮಲಗಿರುತ್ತಿತ್ತು. ಕಂದು ಬಣ್ಣದ ಸಾಧಾರಣ ಊರನಾಯಿ. ಹೆಸರು ಕೂಡ ಇಟ್ಟಿರಲಿಲ್ಲ. ಆಯಿ “ಏ” ಅಂದರೆ ತನ್ನನ್ನೇ ಕರೆದದ್ದು ಎಂದು ಅದು ಏಳುತ್ತಿತ್ತು. ಒಮ್ಮೊಮ್ಮೆ ಅವರು ನನ್ನನ್ನು ಹಾಗೆ ಕೂಗಿದಾಗಲೂ ನನಗಿಂತ ಮೊದಲು ಅದೇ ಎದ್ದು ನಿಲ್ಲುತ್ತಿತ್ತು.

ಇಲಿ ಬಿದ್ದ ವಾರದಲ್ಲೇ ಆಯಿ ಹುಮನಾಬಾದಿಗೆ ಹೋದರು. ಮಗಳು ತುಂಬಿದ ಬಸುರಿ, ಹೇಗೂ ಹೋಗುವುದಿತ್ತು. ಅಳಿಯ ಗಾಡಿ ಕಳಿಸಿದ್ದ. ಅವರ ನಾಯಿ ಯಾವಾಗಲೂ ಗಾಡಿಯ ಕೆಳಗೆ, ಅಚ್ಚಿನ ನೆರಳಲ್ಲಿ ನಡೆದುಕೊಂಡು ಹೋಗುತ್ತಿತ್ತು. ಅವತ್ತೂ ಕೆಳಗೇ ಇದ್ದೀತು ಎಂದು ಎಲ್ಲರೂ ಅಂದುಕೊಂಡೆವು. ನಾವೂ ನಮ್ಮ ಗಂಟು ಮೂಟೆ ಕಟ್ಟುವ ಗಡಿಬಿಡಿಯಲ್ಲಿದ್ದೆವು, ಬಗ್ಗಿ ನೋಡಿದವರು ಯಾರೂ ಇಲ್ಲ. ನಾಯಿ ಮಾತ್ರ ಒಳಗೆ, ಜೋಳದ ಕಣಜದ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ಮಲಗಿಬಿಟ್ಟಿತ್ತು.

ಆಮೇಲೆ ಎಷ್ಟು ದಿನ ಅದು ಒಳಗಿತ್ತೋ ನಾನು ಲೆಕ್ಕ ಹಾಕಲಿಲ್ಲ, ಲೆಕ್ಕ ಹಾಕುವ ಮನಸ್ಸೂ ಇರಲಿಲ್ಲ. ತಳವಾರ ಒಂದು ಬೆಳಗ್ಗೆ ನಮ್ಮ ಗುಡಿಸಲಿಗೆ ಬಂದು, ಆಯಿಯ ಮನೆಯಲ್ಲಿ ಏನೋ ಕುಯ್‌ಗುಡುತ್ತದೆ, ಮೊದಲು ಜೋರಾಗಿತ್ತು, ಈಗ ಸಣ್ಣಗಾಗಿದೆ, ತನಗೆ ಆ ಕಡೆ ಹೋಗಲು ಅಂಜಿಕೆಯಾಗುತ್ತದೆ ಎಂದ. ಸುತ್ತಲಿನ ಗುಡಿಸಲುಗಳವರೆಲ್ಲ ಅದು ತಾಯಿಯ ಆಟ, ಕೀಲಿ ಮುಟ್ಟಬೇಡಿ ಎಂದರು. ನನ್ನ ಮಾವನವರು ಮಾತು ಕಡಿಮೆಯ ಮನುಷ್ಯ. ಎಲ್ಲರದನ್ನೂ ಕೇಳಿ, ತಂಬಾಕು ಉಗುಳಿ, ಬಾವಿಯ ಹಗ್ಗ ಹೆಗಲಿಗೆ ಹಾಕಿಕೊಂಡರು.

“ಕೀಲಿ ತಗೀಬಾರದು ಅಂದಾರ. ಬೆಳಕಿಂಡ್ಯಾಗ ಇಳೀಬಾರದು ಅಂತ ಯಾರು ಅಂದಾರ?” ಎಂದು ನಡೆದೇ ಬಿಟ್ಟರು.

ಮಾಳಿಗೆ ಹತ್ತಿ, ಬೆಳಕಿಂಡಿಯ ಕಲ್ಲು ಸರಿಸಿ, ಹಗ್ಗ ಬಿಟ್ಟುಕೊಂಡು ಇಳಿದು, ನಾಯಿಯನ್ನು ಗೋಣಿಚೀಲದಲ್ಲಿ ಹಾಕಿ ಮೇಲಕ್ಕೆ ಎಳೆದು ತಂದರಂತೆ. ಬಚ್ಚಲ ಹೌದಿನಲ್ಲಿ, ನೀರಿನ ತೊಟ್ಟಿಯಲ್ಲಿ, ತಳದ ನೀರು ಉಳಿದಿತ್ತು, ಅದರಿಂದ ಜೀವ ಹಿಡಿದಿತ್ತು. ಚೀಲ ಬಿಚ್ಚಿದಾಗ ಒಳಗಿದ್ದದ್ದು ತೊಗಲು ಮತ್ತು ಕಣ್ಣು. ಮುಂಗಾಲಿನ ಉಗುರೆಲ್ಲ ಸವೆದು ರಕ್ತ ಒಣಗಿತ್ತು. ಬಾಗಿಲ ಒಳಮೈಯಲ್ಲಿ ಕೆರೆದ ಗೆರೆಗಳು ಮನುಷ್ಯನ ಮೊಣಕಾಲೆತ್ತರದ ತನಕ ಇವೆ ಎಂದು ಮಾವನವರು ಅತ್ತೆಗೆ ಹೇಳುವುದು ನನಗೆ ಕೇಳಿತು.

ಗುಡಿಸಲಿನ ದಿನಗಳು ನಾಯಿಗೆ ಸುಖದ ದಿನಗಳು. ಗುಡಿಸಲಿಗೆ ಬಾಗಿಲಿಲ್ಲ. ಮೊದಮೊದಲು ಕೈ ಎತ್ತಿದರೆ ಮೈ ಮುದುರುತ್ತಿತ್ತು, ರೊಟ್ಟಿ ಎಸೆದು ನಾವು ಮುಖ ತಿರುಗಿಸಿದರೆ ಮಾತ್ರ ತಿನ್ನುತ್ತಿತ್ತು. ಕಣಿಕೆಯ ಗೋಡೆಯ ಹೊರಗೆ, ನಾನು ಮಲಗುವ ಕಡೆಗೇ ಬೆನ್ನು ಆನಿಸಿ ಮಲಗುವುದನ್ನು ಅದಾಗಿ ಅದೇ ರೂಢಿ ಮಾಡಿಕೊಂಡಿತು. ಅದು ಮಗ್ಗುಲು ಬದಲಿಸಿದರೆ ಕಣಿಕೆ ಸರಬರ ಎನ್ನುತ್ತಿತ್ತು. ತವರು ಬಿಟ್ಟು ಬಂದ ಹೊಸತು, ಗಂಡ ಹುಮನಾಬಾದಿನಲ್ಲಿ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುವವರು. ಆ ಸರಬರ ನನಗೆ ಎಷ್ಟು ಆಸರೆಯಾಗಿತ್ತು ಎಂದು ಆಗ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅತ್ತೆ ನಗುತ್ತಿದ್ದರು.

ಆಯಿಗೆ ಸುದ್ದಿ ಮುಟ್ಟಿಸಿದವರು ನನ್ನ ಗಂಡ. ಕೇಳಿದ ಕೂಡಲೇ ಆಯಿ ಗೋಡೆ ಹಿಡಿದು ಕೂತರಂತೆ. ಜೀವ ಇದೆಯೇ ಎಂದಷ್ಟೇ ಕೇಳಿದರಂತೆ. ಮಗಳ ಹೆರಿಗೆ, ಬಾಣಂತನ ಮುಗಿಯುವ ತನಕ ತಾವು ಬರುವಂತಿಲ್ಲ, ಅಲ್ಲಿಯವರೆಗೆ ನೀವೇ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ನೋಡಿಕೊಳ್ಳುವುದೇನು ಮಹಾ, ದಿನಕ್ಕೊಂದು ರೊಟ್ಟಿ ಎಂದು ನಾವು ಅಂದುಕೊಂಡೆವು.

ಹೋಳಿಯ ಹೊತ್ತಿಗೆ ಬೇನೆ ಇಳಿಯಿತು. ತಾಯಿಯನ್ನು ಸೀಮೆ ದಾಟಿಸಿ ಬಂದರು, ನಾವು ಊರು ಸೇರಿದೆವು. ನಾಯಿ ಗಾಡಿಯ ಕೆಳಗೆ ನೆಟ್ಟಗೆ ನಡೆದು ಬಂತು. ನಮ್ಮ ಮನೆಯ ಮುಂದೆ ನಿಂತಿತು. ಮಾವನವರು ಕೀಲಿ ತೆಗೆದು ಸರಪಳಿ ಇಳಿಸಿದರು. ಕಬ್ಬಿಣದ ಆ ದಪ್ಪ ಸರಪಳಿ ಬಾಗಿಲಿಗೆ ಬಡಿದು ಝಣಕ್ ಎಂದದ್ದೇ ತಡ, ನಾಯಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಓಣಿಯ ತುದಿಗೆ ಓಡಿತು. ಅವತ್ತು ಮೊದಲಾಗಿ ಅದು ಯಾವ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಬಿಸಿಲಿಗೂ ಓಣಿಯಲ್ಲೇ, ಇಬ್ಬನಿಗೂ ಓಣಿಯಲ್ಲೇ. ಓಣಿಯ ಪುಂಡ ನಾಯಿಗಳು ಇದನ್ನು ಮೆತ್ತಗೆ ಕಂಡು ಕಿವಿ ಹರಿದವು.

ಆಗ ಹುಮನಾಬಾದಿನಿಂದ ಆಯಿಯ ಮಾತು ಬಂತು. ಪ್ರತಿ ವಾರ ನನ್ನ ಗಂಡನನ್ನು ಅವರು ಕೇಳುತ್ತಿದ್ದದ್ದು ಒಂದೇ: ಅದು ಮನೆಯೊಳಗೆ ಬರುತ್ತದೆಯೇ? ಇಲ್ಲ ಎಂದ ವಾರ ಅವರು ಹೇಳಿದ್ದನ್ನು ಗಂಡ ಹಾಗೆಯೇ ತಂದು ಒಪ್ಪಿಸಿದರು.

“ಅದು ಒಳಗ ಬರಲಿಲ್ಲಂದ್ರ ಆ ಮನಿ ನನಗೂ ಬ್ಯಾಡ. ಮಾರಿಬಿಡ್ತೀನಿ ಅಂತ ನಿಮ್ಮವ್ವಗ ಹೇಳಪ್ಪ.”

ನಾವು ಬೆರಗಾದೆವು. ಅತ್ತೆ ಮತ್ತು ಆಯಿ ಒಂದೇ ಓಣಿಗೆ ಸೊಸೆಯಂದಿರಾಗಿ ಬಂದವರು, ಒಂದೇ ಗೋಡೆಯ ಈಚೆ ಆಚೆ ಬಾಳಿದವರು. ದಿನ ಬೆಳಗಾದರೆ ಜಗಳ, ಸಂಜೆಯಾದರೆ ಸಾರು ಕೊಡುಕೊಳ್ಳುವುದು. ಮುದುಕಿಗೆ ಅರಳು ಮರಳು, ನಾಯಿ ಬರಲಿಲ್ಲ ಎಂದು ಮನೆ ಮಾರುವವರುಂಟೇ ಎಂದು ಅತ್ತೆ ಬಾಯಿಗೆ ಬಂದಂತೆ ಬೈದರು. ಬೈದು ಮುಗಿಸಿ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಬಂದು ನನ್ನ ಕಡೆ ತಿರುಗಿ, ಕೂತು ಏನು ನೋಡುತ್ತೀ, ಆಯಿಯ ಬಾಗಿಲಿಗಿನ್ನೂ ಕೀಲಿ, ಮೊದಲು ನಮ್ಮ ಮನೆಗಾದರೂ ನಾಯಿಯನ್ನು ಒಳಗೆ ಕರೆಯುವುದು ನಿನ್ನ ಕೆಲಸ ಎಂದು ಅಪ್ಪಣೆ ಮಾಡಿದರು. ಆ ಮನೆಯಲ್ಲಿ ಯಾರಿಗೂ ಬೇಡದ ಕೆಲಸವೆಲ್ಲ ಸೊಸೆಯದೇ ತಾನೆ.

ಮೊದಲು ಅತ್ತೆಯ ಉಪಾಯ. ಎತ್ತಿಕೊಂಡು ಒಳಗೆ ಬಿಡುವುದು. ಗಂಡ ಬಂದಾಗ ಹಾಗೇ ಮಾಡಿದರು. ನಾಯಿ ಅಂಗಳದ ಗೋಡೆಗೋಡೆಗೆ ತಲೆ ಅಪ್ಪಳಿಸುತ್ತ ಸುತ್ತಿತು, ಮಜ್ಜಿಗೆಯ ಗಡಿಗೆ ಒಡೆಯಿತು, ಕಡೆಗೆ ಅತ್ತೆಯ ಕಾಲ ನಡುವೆ ನುಗ್ಗಿ ಪಾರಾಯಿತು. ಅತ್ತೆ ಮಜ್ಜಿಗೆಯಲ್ಲಿ ಕೂತಿದ್ದರು. ನಗಬಾರದಿತ್ತು, ನಾನು ನಕ್ಕೆ. ನಾಯಿಯಾದರೋ ನಾವು ಕಷ್ಟಪಟ್ಟು ಗಳಿಸಿದ ವಿಶ್ವಾಸವನ್ನೆಲ್ಲ ಕಿತ್ತುಕೊಂಡು ಹೋಗಿತ್ತು, ಬಹಳ ದಿನ ನನ್ನ ಕೈಯ ರೊಟ್ಟಿಗೂ ಬರಲಿಲ್ಲ.

ಎಳೆದು ತಂದರೆ ಆಗದು ಎಂದು ನನಗೆ ಅನ್ನಿಸಿದ್ದು ಆಗ. ಹೊಸ ಸೊಸೆಗೆ ಇದು ಬೇಗ ಅರ್ಥವಾಗುತ್ತದೆ. ಯಾರದೋ ಮನೆಯ ಬಾಗಿಲಲ್ಲಿ ನಿಂತು ಒಳಗಿನವರ ಮುಖ ನೋಡುವುದೆಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಾನು ಜೋಳದ ಮೊರ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತೆ. ಹೊಸ್ತಿಲ ಮೇಲೆ ಕೂಡಬಾರದು, ಲಕ್ಷ್ಮಿ ಬರುವ ದಾರಿ, ಎದ್ದೇಳು ಎಂದು ಅತ್ತೆ ಗದರಿದರು. ಲಕ್ಷ್ಮಿ ಬಂದರೆ ಜಾಗ ಬಿಡುತ್ತೇನೆ ಎಂದೆ. ಮಾತು ಬೆಳೆಯುತ್ತಿತ್ತು, ಮಾವನವರು ಒಳಗಿನಿಂದ ಕೆಮ್ಮಿದರು. ನಮ್ಮ ಮನೆಯಲ್ಲಿ ಅದೇ ತೀರ್ಪು. ಅವತ್ತಿನಿಂದ ಜೋಳ ಹಸನು ಮಾಡುವುದು, ಬೆಳ್ಳುಳ್ಳಿ ಬಿಡಿಸುವುದು, ತಲೆ ಬಾಚುವುದು ಎಲ್ಲವೂ ಹೊಸ್ತಿಲ ಮೇಲೆಯೇ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನಾಯಿಯ ಕಡೆ ನೋಡುತ್ತಿರಲಿಲ್ಲ. ಹಿಟ್ಟಿನ ಕೊನೆಯ ಉಂಡೆಯಿಂದ ನಾಯಿಗೆಂದೇ ಒಂದು ಸಣ್ಣ ರೊಟ್ಟಿ ತಟ್ಟುವುದು ನಮ್ಮ ಕಡೆಯ ರೂಢಿ. ಆ ರೊಟ್ಟಿಯನ್ನು ಮುರಿದು ಕಟ್ಟೆಯ ಮೇಲೆ ಇಡುತ್ತಿದ್ದೆ. ದಿನದಿನಕ್ಕೆ ಚೂರುಗಳು ಹೊಸ್ತಿಲ ಹತ್ತಿರ ಸರಿದವು, ಚೂರಿನ ಹಿಂದೆ ನಾಯಿಯೂ ಸರಿಯಿತು. ಒಂದು ಮಧ್ಯಾಹ್ನ ಅದರ ಮೂಗಿನ ಉಸಿರು ನನ್ನ ಹೊರಗಿನ ಪಾದಕ್ಕೆ ತಾಗಿತು. ನಾನು ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದೆ.

ಮುಂದಿನ ಗಂಟು ಸರಪಳಿಯದು. ಗಾಳಿಗೆ ಅದು ಅಲುಗಿದರೂ ನಾಯಿ ಪರಾರಿ. ನಾನು ಹಳೆಯ ಸೀರೆಯ ಚಿಂದಿ ಸುತ್ತಿ ಸರಪಳಿಯ ಬಾಯಿ ಕಟ್ಟಿದೆ. ಸದ್ದು ನಿಂತಿತು. ನಾಯಿ ಅಂಗಳದ ತನಕ ಬರತೊಡಗಿತು. ಬಾಗಿಲು ತೆರೆದೇ ಇರಬೇಕು, ಯಾರೂ ಅದರ ಮತ್ತು ಬಾಗಿಲಿನ ನಡುವೆ ನಿಲ್ಲಬಾರದು, ಇಷ್ಟು ಅದರ ಕರಾರು. ಮಾವನವರು ಕೂಡ ನಾಯಿ ಒಳಗಿದ್ದರೆ ಗೋಡೆಗೆ ಅಂಟಿಕೊಂಡು ಸುತ್ತು ಹಾಕಿ ಹೋಗುತ್ತಿದ್ದರು. ಕಚೇರಿಯ ಅಮಲ್ದಾರರು ಬಂದರೂ ಅವರು ಅಷ್ಟು ಅದಬು, ಮರ್ಯಾದೆ ತೋರಿಸುತ್ತಿರಲಿಲ್ಲ.

ಚಿಂದಿ ಸುತ್ತಿದ್ದು ಅತ್ತೆಗೆ ಸೇರಲಿಲ್ಲ. ಎಷ್ಟು ಮನೆಯ ಸರಪಳಿಗೆ ಚಿಂದಿ ಸುತ್ತುತ್ತೀ, ಆಯಿಯ ಮನೆಯದಕ್ಕೆ ಯಾರು ಸುತ್ತುತ್ತಾರೆ ಎಂದರು. ಅವರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಒಂದು ದಿನ ಹಿಡಿಯಿತು. ಆಮೇಲಿನದು ಅವರದೇ ಯುಕ್ತಿ. ಕೊನೆಯ ರೊಟ್ಟಿಗೆ ಬೆಣ್ಣೆ ಸವರಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸರಪಳಿಯನ್ನು ಒಂಚೂರು ಅಲುಗಿಸಿ, ಕೂಡಲೇ ರೊಟ್ಟಿ ಕೊಡುವುದು. ದಿನಕ್ಕೊಂದು ಚಿಂದಿ ಬಿಚ್ಚುವುದು. ನನ್ನ ಪಾಲಿನ ರೊಟ್ಟಿಗೆ ಎಂದೂ ಕಾಣದ ಬೆಣ್ಣೆ ನಾಯಿಯ ರೊಟ್ಟಿಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಬೇಸಿಗೆ ಮಾತ್ರ ನಾಯಿಯ ಕಾಲ.

ನಡುವೆ ಒಮ್ಮೆ ಎಲ್ಲ ಮಣ್ಣುಪಾಲಾಯಿತು. ನಾಯಿ ಅಂಗಳದಲ್ಲಿ ನಿದ್ದೆ ಹೋಗಿತ್ತು, ಬೇಸಿಗೆಯ ಸುಂಟರಗಾಳಿ ಎದ್ದು ಬಾಗಿಲು ದಢಾರನೆ ಮುಚ್ಚಿತು. ತೆರೆಯಲು ನಾನು ಓಡುವಷ್ಟರಲ್ಲಿ ಅದು ಬಾಗಿಲಿಗೆ ಬಿದ್ದು ಕೆರೆಯತೊಡಗಿತ್ತು. ಆ ಕೂಗು ನಾಯಿಯದೆಂದು ಅನ್ನಿಸುತ್ತಿರಲಿಲ್ಲ. ತೆರೆದೆ, ಹೋಯಿತು, ಅವತ್ತೂ ಇಲ್ಲ ಮರುದಿನವೂ ಇಲ್ಲ. ಓಣಿ ದಾಟಿ ಹೋಗದ ಅತ್ತೆ ಉರಿಬಿಸಿಲಲ್ಲಿ ಕೋಟೆಯ ಕಡೆ, ಕೆರೆಯ ಏರಿಯ ಕಡೆ “ಏ, ಏ” ಎಂದು ಕೂಗುತ್ತ ತಿರುಗಿದರು. ದಾರಿಯವರು ತಮ್ಮನ್ನೇ ಕರೆದರೆಂದು ತಿರುಗಿ ನೋಡುತ್ತಿದ್ದರಂತೆ. ಕೆರೆಯ ಮೆಟ್ಟಿಲ ಹತ್ತಿರ ಅಗಸರ ಬಟ್ಟೆಗಂಟಿನ ಮರೆಯಲ್ಲಿ ಅದು ಸಿಕ್ಕಿತು. ಕಟ್ಟಲಿಲ್ಲ, ಎತ್ತಲಿಲ್ಲ, ಪಕ್ಕದಲ್ಲಿ ಕೂತು ಬಿಸಿಲು ಇಳಿದ ಮೇಲೆ ಎದ್ದು ಬಂದರು, ಅದು ಹಿಂದೆ ಬಂತು. ತಾಳಿದವನು ಬಾಳಿಯಾನು ಎಂದು ನನಗೆ ಬುದ್ಧಿ ಹೇಳಿದರು, ತಾವೇ ಕಂಡುಹಿಡಿದ ಗಾದೆಯ ಹಾಗೆ. ಮತ್ತೆ ಹೊಸ್ತಿಲು, ಮತ್ತೆ ಚಿಂದಿ, ಮತ್ತೆ ಬೆಣ್ಣೆ. ಈ ಸಲ ಹೊಸ್ತಿಲ ಮೇಲೆ ಅತ್ತೆಯೂ ಕೂತರು. ಲಕ್ಷ್ಮಿಯ ಮಾತನ್ನು ನಾನು ಎತ್ತಲಿಲ್ಲ, ಅಷ್ಟು ಜಾಣತನ ನನಗಿತ್ತು.

ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮೋಡ ಕಟ್ಟುವ ಹೊತ್ತಿಗೆ ಸರಪಳಿ ಝಣಕ್ ಎಂದರೆ ನಾಯಿ ಓಣಿಯ ಯಾವ ಮೂಲೆಯಿಂದಲೂ ಓಡಿ ಬಂದು ಅಂಗಳದಲ್ಲಿ ನಿಲ್ಲುತ್ತಿತ್ತು. ಬಾಗಿಲು ಮುಚ್ಚಿದರೂ ಒಂದು ಕಣ್ಣು ತೆರೆದುಕೊಂಡು ಒಲೆಯ ಹತ್ತಿರ ಮಲಗುತ್ತಿತ್ತು. ಗಂಡ ಹುಮನಾಬಾದಿಗೆ ಈ ಸುದ್ದಿ ಒಯ್ದರು. ನನಗೆ ಖುಷಿಯಾಗಬೇಕಿತ್ತು. ಆಯಿ ಬಂದು ನಾಯಿಯನ್ನು ಕರೆದುಕೊಂಡು ಹೋಗುತ್ತಾರೆ ಎಂಬುದು ನೆನಪಾಗಿ ಅಳುವೇ ಬಂತು. ಗೋಡೆಯಾಚೆಗೆ ಹೋಗುವ ನಾಯಿಗೆ ಇಷ್ಟೇಕೆ ಅಳುತ್ತೀ ಎಂದು ಗಂಡ ಕೇಳಿದರು. ಗಂಡಸರಿಗೆ ಎಲ್ಲವನ್ನೂ ಬಿಡಿಸಿ ಹೇಳಲಾಗುವುದಿಲ್ಲ.

ಮಗಳ ಬಾಣಂತನ ಮುಗಿಸಿ ಆಯಿ ಬಂದರು. ಗಾಡಿ ಇಳಿಯುವಾಗಲೇ ನಾಯಿ ಅವರ ಮೇಲೆ ಹಾರಿ, ಸೆರಗು ಎಳೆದು, ನೆಲದಲ್ಲಿ ಹೊರಳಾಡಿತು. ಅದಕ್ಕೆ ಯಾವ ಸಿಟ್ಟೂ ಇರಲಿಲ್ಲ. ಆಯಿಯ ಮುಖ ಮಾತ್ರ ಅರಳಲಿಲ್ಲ. ಅತ್ತೆ ಜಂಬದಿಂದ ನಮ್ಮ ಸರಪಳಿ ಅಲುಗಿಸಿ, ನಾಯಿ ಒಳಗೆ ಓಡಿ ಬರುವುದನ್ನು ತೋರಿಸಿದರು. ಆಯಿ ತಲೆದೂಗಿ ತಮ್ಮ ಮನೆಯತ್ತ ನಡೆದರು. ಕೀಲಿಯಲ್ಲಿ ಬೇವು ಒಣಗಿ ಕಡ್ಡಿಯಾಗಿತ್ತು. ಅದನ್ನು ಕಿತ್ತು, ಕೀಲಿ ತೆಗೆದು, ಬಾಗಿಲು ತಳ್ಳಿದರು.

ಜೊತೆಗೇ ಬಂದ ನಾಯಿ ಮೆಟ್ಟಿಲ ಕೆಳಗೆ ನಿಂತುಬಿಟ್ಟಿತು. ಆಯಿ ಒಳಗೆ ಹೋಗಿ ಕರೆದರು, ಬರಲಿಲ್ಲ. ನಾನು ಬೆಣ್ಣೆರೊಟ್ಟಿ ತಂದೆ. ಅತ್ತೆ ಸರಪಳಿ ಆಡಿಸಿದರು. ನಾಯಿ ರೊಟ್ಟಿಯನ್ನು ನೋಡಿತು, ಬಾಗಿಲನ್ನು ನೋಡಿತು, ಬಾಲ ಹೊಟ್ಟೆಗೆ ಅಂಟಿಸಿಕೊಂಡು ನಡುಗಿತು. ನಾವು ಕಲಿಸಿದ್ದೆಲ್ಲ ನಮ್ಮ ಬಾಗಿಲಿಗೆ ಮಾತ್ರ. ಅದನ್ನು ಕೊಂದೇಬಿಡುತ್ತಿದ್ದ ಬಾಗಿಲು ಇದು. ನಾಲ್ಕು ದಿನ ತಾಳಿದರೆ ಸರಿಹೋದೀತು ಎಂದು ಅತ್ತೆ ಅಂದರು, ಅವರ ದನಿಯಲ್ಲಿಯೇ ನಂಬಿಕೆ ಇರಲಿಲ್ಲ. ಆಯಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಮನೆ ಮಾರುವ ಮಾತನ್ನು ಮತ್ತೆ ಎತ್ತುತ್ತಾರೆ ಎಂದು ನಾನು ಅಂಜಿದೆ. ಅವರು ಎತ್ತಿದ್ದು ಬೇರೆಯೇ ಮಾತು.

“ಅವತ್ತ ಗಾಡಿ ಹತ್ತೂ ಮುಂದ ನನಗ ಕೆರೆಯೋ ಸಪ್ಪಳ ಕೇಳಿತ್ತವ್ವ. ಇಲಿ ಅಂತ ಅಂದುಕೊಂಡೆ. ಇಲಿ ಅಲ್ಲಂತ ಗೊತ್ತಿತ್ತು. ತಿರುಗಿ ನೋಡಿದ್ರ ತಾಯಿ ಬೆನ್ನ ಹತ್ತತಾಳ, ಅಲ್ಲಿ ಮಗಳು ದಿನ ತುಂಬಿ ಕೂತಾಳ ಅಂತ ಅಂಜಿದೆ. ಗಾಡಿ ಹೊಡಿ ಅಂದುಬಿಟ್ಟೆ.”

ಅತ್ತೆ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಆ ಗಾಡಿಯಲ್ಲಿ ನಾನಿದ್ದರೂ ತಿರುಗಿ ನೋಡುತ್ತಿರಲಿಲ್ಲ ಎಂದು ನನಗೆ ಆಗ ತೋಚಿತು. ನಮ್ಮ ಊರಿನ ಯಾವ ಹೆತ್ತ ತಾಯಿಯೂ ನೋಡುತ್ತಿರಲಿಲ್ಲ. ಹಾಗೆಂದು ಹೇಳಬೇಕೆನಿಸಿತು, ಹೇಳಿದ್ದರೂ ಅವರಿಗೆ ಹಗುರವಾಗುತ್ತಿರಲಿಲ್ಲ.

ಆಯಿ ಎದ್ದರು. ಒಳಗೆ ಹೋಗಿ, ಬಾಗಿಲ ಹಿಂದೆ ನೆಲದ ಮೇಲೆ ಕೂತು, ನನ್ನನ್ನು ಕರೆದರು.

“ಅದು ಒಳಗಿತ್ತು, ನಾ ಹೊರಗಿದ್ದೆ. ಈಗ ನಾ ಒಳಗ ಕೂಡತೀನಿ. ಬಾಗಲಾ ಎಳದು ಹೊರಗಿಂದ ಸರಪಳಿ ಹಾಕ ಯವ್ವಾ.”

ಜೀವಂತ ಮನುಷ್ಯರನ್ನು ಹೊರಗಿನಿಂದ ಕೂಡಿಹಾಕುವುದು ಅಪಶಕುನ. ನಾನು ಅತ್ತೆಯ ಮುಖ ನೋಡಿದೆ. ಎಲ್ಲದಕ್ಕೂ ಅಡ್ಡ ಮಾತಾಡುವ ಅತ್ತೆ ಅವತ್ತು ಕಣ್ಣಿನಲ್ಲೇ ಹ್ಞೂಂ ಎಂದರು. ಬಾಗಿಲು ಎಳೆದು ಸರಪಳಿ ಏರಿಸಿದೆ. ಅದು ಎರಡು ಸಲ ಕೈ ಜಾರಿ ಬಾಗಿಲಿಗೆ ಬಡಿಯಿತು. ನಾಯಿ ಹೌಹಾರಿ ಓಡಿ ಎದುರುಮನೆಯ ಕಟ್ಟೆಯ ಕೆಳಗೆ ಹೊಕ್ಕಿತು. ಎಲ್ಲ ಕೆಟ್ಟಿತು ಎಂದುಕೊಂಡೆ.

ಒಳಗಿನಿಂದ ಆಯಿ ಕರೆಯಲಿಲ್ಲ, ಕೆಮ್ಮಲೂ ಇಲ್ಲ. ನಾವಿಬ್ಬರೂ ದೂರ ಸರಿದು ನಿಂತೆವು. ನೀರಿಗೆ ಹೊರಟ ಹೆಂಗಸರು ಬಂದರು, ಏನೆಂದು ಕೇಳಿದರು, ಅತ್ತೆ ಕೈಸನ್ನೆಯಲ್ಲಿ ಅವರನ್ನು ಸಾಗಹಾಕಿದರು. ಬಿಸಿಲು ಮೆಟ್ಟಿಲಿಂದ ಇಳಿದು ಓಣಿಗೆ ಬಂತು. ಕಟ್ಟೆಯ ಕೆಳಗಿನಿಂದ ಮೊದಲು ಮೂಗು ಹೊರಗೆ ಬಂತು, ಆಮೇಲೆ ನಾಯಿ. ಓಣಿ ದಾಟಿ ಮೆಟ್ಟಿಲ ಬುಡಕ್ಕೆ ಬಂದು ಕಿವಿ ನಿಮಿರಿಸಿತು. ಒಂದು ಮೆಟ್ಟಿಲು ಹತ್ತಿ ಇಳಿಯಿತು. ಮತ್ತೆ ಹತ್ತಿತು. ಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿ ಉಸಿರೆಳೆಯಿತು, ಒಳಗೆ ಯಾರಿದ್ದಾರೆಂದು ಅದಕ್ಕೆ ತಿಳಿಯಿತು. ಸಣ್ಣಗೆ ಕುಯ್‌ಗುಟ್ಟಿತು. ಬಳಿಕ ಮುಂಗಾಲೆತ್ತಿ ಬಾಗಿಲನ್ನು ಕೆರೆಯತೊಡಗಿತು. ನಡುಗುತ್ತಲೇ ಇತ್ತು, ಕೆರೆಯುತ್ತಲೂ ಇತ್ತು.

“ಕೇಳಾಕತ್ತದ ಯವ್ವಾ,” ಎಂದರು ಒಳಗಿನಿಂದ ಆಯಿ. “ತಗಿ.”

ನಾನು ಓಡಿ ಹೋಗಿ ಸರಪಳಿ ಇಳಿಸಿದೆ. ಬಾಗಿಲು ಪೂರಾ ತೆರೆಯುವ ಮೊದಲೇ ನಾಯಿ ನನ್ನ ಕಾಲ ಪಕ್ಕದಿಂದ ನುಸುಳಿ ಒಳಗೆ ಹೋಯಿತು.